ಗಾಳಿ ಬಂದಾಗ ತೂರಿಕೊಳ್ಳಲು ಮೊರವಾದರೂ ಬೇಕಲ್ಲ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಈಗ ಹೆಚ್ಚಾಗಿ ಎರಡು ಕಡೆ ಕಿವಿಗೆ ಬೀಳುತ್ತದೆ. ಒಂದು, ಚುನಾವಣೆ ಹೊತ್ತಿಗೆ ಪಕ್ಷ ಬದಲಿಸಿದವರ ಸುದ್ದಿಯಲ್ಲಿ. ಇನ್ನೊಂದು, ಸಿಕ್ಕ ಅವಕಾಶ ಬಳಸಿಕೊಳ್ಳಲಿಲ್ಲ ಎಂದು ಹುಡುಗ ಹುಡುಗಿಯರನ್ನು ಬೈಯುವಲ್ಲಿ. ಕಣದಲ್ಲಿ ರಾಶಿ ಮಾಡಿದವರಿಗೆ ಗೊತ್ತು, ಗಾಳಿ ಬಂದರಷ್ಟೇ ಸಾಲದು. ಕೈಯಲ್ಲಿ ಮೊರ ಬೇಕು, ನಿಲ್ಲಲು ಎತ್ತರ ಬೇಕು, ತೂರಲು ಒಕ್ಕಿದ ಕಾಳು ಬೇಕು, ಎಲ್ಲಕ್ಕೂ ಮೊದಲು ಕಣ ಬೇಕು. ಗಾದೆ ಕಟ್ಟಿದವರ ಮನೆಯಲ್ಲಿ ಇವೆಲ್ಲ ಇದ್ದಿರಬೇಕು. ಇದ್ದದ್ದನ್ನು ಯಾರು ಹೇಳುತ್ತಾರೆ?

ಕ್ರೀಡೆಯ ಬಗ್ಗೆ ನಾವು ಕನ್ನಡದಲ್ಲಿ ಬರೆಯುವುದೂ ಹೀಗೆಯೇ. ಗಾಳಿಯ ಬಗ್ಗೆ ಬರೆಯುತ್ತೇವೆ, ಮೊರದ ಬಗ್ಗೆ ಬರೆಯುವುದಿಲ್ಲ. ‘ಬಡತನ ಮೆಟ್ಟಿ ನಿಂತ ಸಾಧಕಿ’, ‘ಛಲವೊಂದಿದ್ದರೆ ಸಾಕು’, ‘ರೈತನ ಮಗಳ ಬೆಳ್ಳಿ ಬೇಟೆ’. ಈ ತಲೆಬರಹಗಳು ಸುಳ್ಳಲ್ಲ. ಆದರೆ ಅವು ಮುಚ್ಚಿಡುವ ಲೆಕ್ಕ ಬಹಳ ದೊಡ್ಡದು. ಆ ಲೆಕ್ಕವನ್ನು ನಮ್ಮ ಊರಿಗೆ ಎಷ್ಟೂ ಸಂಬಂಧವಿಲ್ಲವೆಂದು ಕಾಣುವ ಒಂದು ಆಟದ ಮೂಲಕ ತೆಗೆಯಬೇಕೆನಿಸಿದೆ. ಆಟದ ಹೆಸರು ವಿಂಡ್‌ಸರ್ಫಿಂಗ್.

ಅಮರಗೋಳದಲ್ಲಿ ಕೂತು ವಿಂಡ್‌ಸರ್ಫಿಂಗ್ ಬಗ್ಗೆ ಬರೆಯುತ್ತೇನೆಂದರೆ ನಗು ಬರುವುದು ಸಹಜ. ‘ಅಲ್ರೀ, ಸಮುದ್ರ ಎಲ್ಲೈತಿ ನಮ್ಮಲ್ಲಿ?’ ಎಂದು ಎಪಿಎಂಸಿ ಮುಂದಿನ ಚಹಾದಂಗಡಿಯ ಕಾಕಾ ಕೇಳಿಯೇ ಬಿಟ್ಟರು. ಇಲ್ಲಿರುವುದು ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ, ಚಿಗರಿ ಬಸ್ಸು ಮತ್ತು ಧೂಳು. ಆದರೆ ಗಾಳಿ ಇಲ್ಲ ಅಂತ ಮಾತ್ರ ಯಾರೂ ಹೇಳುವಂತಿಲ್ಲ. ಮುಂಗಾರಿನಲ್ಲಿ ಛತ್ರಿ ಹಿಡಿದು ಬಸ್ ನಿಲ್ದಾಣದವರೆಗೆ ನಡೆದವರಿಗೆ ಅದು ಗೊತ್ತು. ಗದಗಿನ ಕಪ್ಪತಗುಡ್ಡದ ಕಡೆ ಹೋದರೆ ಅದೇ ಗಾಳಿಗೆ ವಿದ್ಯುತ್ ಕಂಪನಿಗಳು ಸಾಲುಸಾಲಾಗಿ ಗಿರಕಿ ನಿಲ್ಲಿಸಿರುವುದು ಕಾಣುತ್ತದೆ. ನಮ್ಮ ಗಾಳಿಗೆ ಬೆಲೆಯಿದೆ ಎಂಬುದನ್ನು ಮಾರುಕಟ್ಟೆ ಎಂದೋ ಕಂಡುಕೊಂಡಿದೆ. ಕಂಡುಕೊಳ್ಳದೇ ಇರುವವರು ನಾವು.

ಆಟ ಇಷ್ಟು. ನೀರ ಮೇಲೊಂದು ಹಲಗೆ, ಅದರ ಮೇಲೆ ಎಲ್ಲ ದಿಕ್ಕಿಗೂ ಬಾಗುವ ಕೀಲಿಗೆ ಕೂಡಿಸಿದ ಕಂಬ, ಕಂಬಕ್ಕೆ ಹಾಯಿ. ಆಡುವವರು ನಿಂತೇ ಹಾಯಿಯನ್ನು ಹಿಡಿಯಬೇಕು. ಚುಕ್ಕಾಣಿ ಇಲ್ಲ, ದಿಕ್ಕು ತಿರುಗಿಸುವುದು ಮೈಯ ಭಾರದಿಂದ ಮತ್ತು ಹಾಯಿಯ ಓಲಿನಿಂದ. ಹಲವು ದಿನ, ಹಲವು ಓಟಗಳು ನಡೆಯುವ ಈ ಸ್ಪರ್ಧೆಗೆ ರೆಗಾಟಾ ಎನ್ನುತ್ತಾರೆ. ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು. ಕಡಿಮೆ ಅಂಕದವರು ಗೆದ್ದಂತೆ.

ಈ ಆಟ ಹುಟ್ಟಿದ ಕತೆ ನನಗೆ ಬಹಳ ಇಷ್ಟ. ಅಮೆರಿಕದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1960ರ ದಶಕದ ಕೊನೆಯಲ್ಲಿ ಇದಕ್ಕೆ ಪೇಟೆಂಟ್ ಹಾಕಿದರು. ಮುಂದೆ ಬೇರೆ ಕಂಪನಿಗಳು ಇಂಥದೇ ಹಲಗೆ ಮಾರತೊಡಗಿದಾಗ ಇಂಗ್ಲೆಂಡಿನಲ್ಲಿ ಮೊಕದ್ದಮೆ ನಡೆಯಿತು. ಆಗ ನ್ಯಾಯಾಲಯದ ಮುಂದೆ ಬಂದದ್ದು ಪೀಟರ್ ಚಿಲ್ವರ್ಸ್ ಎಂಬವರ ಬಾಲ್ಯ. 1958ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ, ಹೇಲಿಂಗ್ ದ್ವೀಪದಲ್ಲಿ ಆತ ತಾನೇ ಒಂದು ಹಲಗೆಗೆ ಹಾಯಿ ಕಟ್ಟಿಕೊಂಡು ಆಡಿದ್ದ. ಮೇಲ್ಮನವಿ ನ್ಯಾಯಾಲಯ 1985ರಲ್ಲಿ ಪೇಟೆಂಟ್ ನಿಲ್ಲುವುದಿಲ್ಲ ಎಂದಿತು. ಅಂದರೆ ಹನ್ನೆರಡರ ಹುಡುಗನೊಬ್ಬ ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡ ಆಟ ಇದು. ಬೌದ್ಧಿಕ ಆಸ್ತಿ ಓದುವ ಕಾನೂನು ವಿದ್ಯಾರ್ಥಿಗಳಿಗೆ ಈ ಪ್ರಕರಣ ಗೊತ್ತಿರುತ್ತದೆ. ಕಾನೂನು ವಿಶ್ವವಿದ್ಯಾಲಯ ಇಲ್ಲೇ ನವನಗರದಲ್ಲಿದೆ, ಯಾರನ್ನಾದರೂ ಕೇಳಿ ನೋಡಿ.

ಈಗ ಆ ಹುಡುಗನ ಹಲಗೆ ಒಲಿಂಪಿಕ್ಸ್‌ಗೆ ಹೋದ ಮೇಲೆ ಏನಾಯಿತು ನೋಡೋಣ. 1984ರ ಲಾಸ್ ಏಂಜಲೀಸ್‌ನಲ್ಲಿ ಗಂಡಸರಿಗೆ, 1992ರ ಬಾರ್ಸಿಲೋನಾದಲ್ಲಿ ಹೆಂಗಸರಿಗೆ ಅವಕಾಶವಾಯಿತು. ಅಂದಿನಿಂದ ಹಲಗೆ ಐದು ಸಲವಾದರೂ ಬದಲಾಗಿದೆ. ವಿಂಡ್‌ಗ್ಲೈಡರ್, ಲೆಕ್ನರ್, ಮಿಸ್ಟ್ರಾಲ್, 2008ರಿಂದ ಟೋಕಿಯೊವರೆಗೆ ಆರ್‌ಎಸ್:ಎಕ್ಸ್, ಪ್ಯಾರಿಸ್‌ನಿಂದ ಐಕ್ಯೂಫಾಯಿಲ್. ಹೊನಲು ಬೆಳಕಿಗೆ ಹಾಕಿ ಮೈದಾನ ಬದಲಾದಂತಲ್ಲ ಇದು. ಆಟವೇ ಬದಲಾಗುತ್ತದೆ. ಐಕ್ಯೂಫಾಯಿಲ್‌ನಲ್ಲಿ ಹಲಗೆಯ ಅಡಿ ರೆಕ್ಕೆಯಂಥದೊಂದು ಇದೆ. ವೇಗ ಬಂದಾಗ ಅದು ಇಡೀ ಹಲಗೆಯನ್ನು ನೀರಿನಿಂದ ಮೇಲೆತ್ತುತ್ತದೆ. ಪ್ಯಾರಿಸ್‌ನಲ್ಲಿ ಗಂಡಸರಿಗೆ 9 ಚದರ ಮೀಟರ್, ಹೆಂಗಸರಿಗೆ 8 ಚದರ ಮೀಟರ್ ಹಾಯಿ ಇತ್ತು. ಹಳೆಯ ಹಲಗೆಯಲ್ಲಿ ಹಗುರ ಮೈಯವರಿಗೆ ಇದ್ದ ಅನುಕೂಲ ಇಲ್ಲಿಲ್ಲ, ಮೈಯಲ್ಲಿ ತೂಕ ಬೇಕು. ಆರ್‌ಎಸ್:ಎಕ್ಸ್‌ಗಾಗಿ ಹತ್ತು ವರ್ಷ ಸವೆಸಿದ ದೇಹ ಮತ್ತೆ ಬೇರೆಯಾಗಬೇಕು. ಎಲ್ಲರೂ ಒಂದೇ ಬಗೆಯ ಸಲಕರಣೆ ಬಳಸಬೇಕೆಂಬ ನಿಯಮದಿಂದಾಗಿ ಅದನ್ನು ಗೊತ್ತುಪಡಿಸಿದ ತಯಾರಕರಿಂದಲೇ ಕೊಳ್ಳಬೇಕು. ಬೆಲೆ ಲಕ್ಷಗಳಲ್ಲಿ. ಸಾಗಣೆ, ಸುಂಕ ಬೇರೆ.

2012ರಲ್ಲಂತೂ ತಮಾಷೆಯೇ ನಡೆಯಿತು. ಆ ವರ್ಷ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಸಭೆ ಸೇರಿ, ರಿಯೊ ಒಲಿಂಪಿಕ್ಸ್‌ನಿಂದ ವಿಂಡ್‌ಸರ್ಫಿಂಗ್ ತೆಗೆದು ಗಾಳಿಪಟದ ಸರ್ಫಿಂಗ್ ತರುವುದೆಂದು ಮತ ಹಾಕಿತು. ನವೆಂಬರಿನಲ್ಲಿ ಮತ್ತೆ ಸಭೆ ಸೇರಿ ಅದನ್ನು ಹಿಂತೆಗೆದುಕೊಂಡಿತು. ಆ ಆರು ತಿಂಗಳು ಯೂರೋಪಿನ ಆಟಗಾರರು ವಕೀಲರನ್ನು ಹುಡುಕಿದರು. ನಮ್ಮಂಥ ದೇಶದಲ್ಲಿ ಸಾಲ ಮಾಡಿ ಹಲಗೆ ಕೊಂಡವರು ಆ ಹೊತ್ತು ಏನು ಮಾಡಿರಬೇಕು?

ಇದೆಲ್ಲ ದೂರದ ಕತೆಯಲ್ಲ. 2023ರ ಹಾಂಗ್ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇಬಾದ್ ಅಲಿ ವಿಂಡ್‌ಸರ್ಫಿಂಗ್ ಕಂಚು ಗೆದ್ದರು. ಗೆದ್ದದ್ದು ಆರ್‌ಎಸ್:ಎಕ್ಸ್‌ನಲ್ಲಿ, ಅಂದರೆ ಒಲಿಂಪಿಕ್ಸ್ ಆಗಲೇ ಕೈಬಿಟ್ಟಿದ್ದ ಹಲಗೆಯ ಮೇಲೆ. ಅದೇ ಕೂಟದಲ್ಲಿ ಐಕ್ಯೂಫಾಯಿಲ್ ಸ್ಪರ್ಧೆಯೂ ಪಕ್ಕದಲ್ಲೇ ನಡೆದಿತ್ತು. ಪತ್ರಿಕೆಗಳು ‘ಮುಂದಿನ ಗುರಿ ಪ್ಯಾರಿಸ್’ ಎಂದು ಸಂಭ್ರಮಿಸುವ ಹೊತ್ತಿಗೆ ಒಂದು ಸಾಲು ಸೇರಿಸಬಹುದಿತ್ತು: ಪ್ಯಾರಿಸ್‌ನಲ್ಲಿ ಈ ಆಟವೇ ಇಲ್ಲ. ಆ ಸಾಲು ನನ್ನ ಕಣ್ಣಿಗೆಲ್ಲೂ ಬೀಳಲಿಲ್ಲ. ಅವರ ಕಂಚು ಸಣ್ಣದೆಂದು ನಾನು ಹೇಳುತ್ತಿಲ್ಲ. ಆ ಪದಕ ಹಿಡಿದವರು ಮರುದಿನವೇ ಮತ್ತೊಂದು ಆಟದ ಒಂದನೇ ಇಯತ್ತೆಗೆ ಸೇರಬೇಕು ಎಂಬುದನ್ನು ಓದುಗರಿಗೆ ಹೇಳದಿರುವುದು ಗೌರವವಲ್ಲ ಎನ್ನುತ್ತಿದ್ದೇನೆ.

ಇನ್ನು ‘ಅರ್ಹತೆ’. ‘ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲು ವಿಫಲ’ ಎಂದು ನಾವು ಎಷ್ಟು ಸಲೀಸಾಗಿ ಬರೆಯುತ್ತೇವೆ! ಈ ಪದದ ಮೋಸ ಸಂಶೋಧನಾ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ನೆಟ್ ಪರೀಕ್ಷೆಯಲ್ಲಿ ಕನಿಷ್ಠ ಅಂಕ ಪಡೆದ ಮಾತ್ರಕ್ಕೆ ಅರ್ಹರಾಗುವುದಿಲ್ಲ, ಬರೆದವರಲ್ಲಿ ಮೇಲಿನ ಶೇ. 6ರೊಳಗೆ ಇರಬೇಕು. ಅದು ಯೋಗ್ಯತೆಯ ಗೆರೆಯಲ್ಲ, ಕುರ್ಚಿಗಳ ಲೆಕ್ಕ. ಒಲಿಂಪಿಕ್ಸ್‌ನದೂ ಅದೇ. ಪ್ಯಾರಿಸ್‌ನಲ್ಲಿ ವಿಂಡ್‌ಸರ್ಫಿಂಗ್‌ಗೆ ಗಂಡಸರು 24, ಹೆಂಗಸರು 24, ಒಂದು ದೇಶಕ್ಕೆ ಒಬ್ಬರು. ಅದರಲ್ಲಿ ದೊಡ್ಡ ಪಾಲು 2023ರ ಆಗಸ್ಟ್‌ನಲ್ಲಿ ಹೇಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ಹಂಚಿಹೋಯಿತು. ಉಳಿದದ್ದಕ್ಕೆ ಖಂಡವಾರು ಸ್ಪರ್ಧೆ. ಕಡೆಯ ಚೂರಿಗೆ 2024ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಇಯೇರ್‌ನಲ್ಲಿ ನಡೆದ ‘ಕೊನೆಯ ಅವಕಾಶದ ರೆಗಾಟಾ’.

ಆ ಹೆಸರೇ ಒಂದು ಕತೆ. ಕೊನೆಯ ಅವಕಾಶಕ್ಕೆ ಫ್ರಾನ್ಸಿಗೆ ಹೋಗಬೇಕು. ಮೊದಲ ಅವಕಾಶಕ್ಕೂ ಯೂರೋಪಿಗೇ ಹೋಗಬೇಕಿತ್ತು. ನಡುವಿನ ಅಭ್ಯಾಸಕ್ಕೂ ಅಷ್ಟೆ, ಏಕೆಂದರೆ ಒಳ್ಳೆಯವರ ಜೊತೆ ಓಡದೆ ಈ ಆಟ ಸುಧಾರಿಸುವುದಿಲ್ಲ. ಒಬ್ಬರೇ ಕೊಳದಲ್ಲಿ ಈಜಿ ಗಡಿಯಾರ ನೋಡಿಕೊಳ್ಳುವ ಹಾಗಲ್ಲ ಇದು. ಐವತ್ತು ಹಾಯಿಗಳ ನಡುವೆ ಯಾವ ಸಂದಿಯಲ್ಲಿ ನುಗ್ಗಬೇಕು, ಎದುರಿನವರು ಕದ್ದ ಗಾಳಿಯಿಂದ ಹೇಗೆ ಹೊರಬರಬೇಕು ಎಂಬುದನ್ನು ಕಲಿಯಲು ಆ ಐವತ್ತು ಹಾಯಿಗಳೂ ಬೇಕು. ಹಾಯಿದೋಣಿಯಲ್ಲಿ ಒಲಿಂಪಿಕ್ಸ್‌ಗೆ ಆಯ್ಕೆಯಾದ ಭಾರತದ ಮೊದಲ ಮಹಿಳೆ, ಚೆನ್ನೈನ ನೇತ್ರಾ ಕುಮನನ್, ಸ್ಪೇನಿನ ಗ್ರಾನ್ ಕನಾರಿಯಾ ದ್ವೀಪದಲ್ಲಿದ್ದು ತಯಾರಾದರು. 2021ರ ಏಪ್ರಿಲ್‌ನಲ್ಲಿ ಒಮಾನಿನ ಮುಸನ್ನಾದಲ್ಲಿ ಟೋಕಿಯೊಗೆ, 2024ರಲ್ಲಿ ಇದೇ ಇಯೇರ್‌ನಲ್ಲಿ ಪ್ಯಾರಿಸ್‌ಗೆ ಜಾಗ ಗಳಿಸಿದರು. ಅವರ ಶ್ರಮಕ್ಕೆ ನಮಸ್ಕಾರ. ಆದರೆ ಆ ನಕ್ಷೆಯನ್ನೊಮ್ಮೆ ನೋಡಿ. ಟೋಕಿಯೊದಲ್ಲಾಗಲಿ ಪ್ಯಾರಿಸ್‌ನಲ್ಲಾಗಲಿ ವಿಂಡ್‌ಸರ್ಫಿಂಗ್ ಸಾಲಿನಲ್ಲಿ ಭಾರತದವರು ಇರಲಿಲ್ಲ ಎಂಬುದನ್ನು ‘ಪ್ರತಿಭೆಯ ಕೊರತೆ’ ಎಂದು ಓದುವವರಿಗೆ ಭೂಗೋಳ ಗೊತ್ತಿಲ್ಲ, ವಿಮಾನದ ಟಿಕೆಟ್ ದರವೂ ಗೊತ್ತಿಲ್ಲ.

ಧಾರವಾಡದಿಂದ ಪಣಜಿ 160 ಕಿ.ಮೀ.ಯ ಆಸುಪಾಸು. ಗೋವಾ ಎಂದರೆ ನಮ್ಮ ಕಡೆಯವರಿಗೆ ಎರಡೇ ನೆನಪು, ಮಹದಾಯಿ ಜಗಳ ಮತ್ತು ಡಿಸೆಂಬರ್ 31. ಅಲ್ಲಿಯ ಕಾತ್ಯಾ ಮತ್ತು ಡೇನ್ ಕೋಯೆಲ್ಹೊ ಎಂಬ ಒಡಹುಟ್ಟಿದವರು ವಿಂಡ್‌ಸರ್ಫಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದವರು. ಅವರ ತಂದೆಯೂ ಅದೇ ಆಟದವರು. ಅಂದರೆ ಮೊರ ಮನೆಯಲ್ಲೇ ಇತ್ತು. ಮನೆಯಲ್ಲಿ ಮೊರ ಇದ್ದೂ ಒಲಿಂಪಿಕ್ಸ್ ಎಷ್ಟು ದೂರ ಎಂಬುದನ್ನು ಅವರ ದಾರಿ ತೋರಿಸುತ್ತದೆ. ಮನೆಯಲ್ಲಿ ಇಲ್ಲದವರ ಮಾತೇನು?

ಇಲ್ಲದವರಿಗೆ ನಮ್ಮ ದೇಶದಲ್ಲಿ ಇರುವ ದಾರಿಗಳು ಎರಡೋ ಮೂರೋ. ಒಂದು ಸೈನ್ಯ. ಎರಡು ಒಲಿಂಪಿಕ್ಸ್ ಆಡಿ, ಹಾಂಗ್ಝೌನಲ್ಲಿ ಹಾಯಿದೋಣಿಯ ಕಂಚು ಗೆದ್ದ ವಿಷ್ಣು ಸರವಣನ್ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು. ಆ ಪಡೆಯ ಕೇಂದ್ರ ಇರುವುದು ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ. ಹಲಸೂರು ಕೆರೆ ಎಷ್ಟಗಲ ಅಂತ ನೋಡಿದವರಿಗೆ ಗೊತ್ತು. ಇನ್ನೊಂದು ದಾರಿ ಭೋಪಾಲದ್ದು. ಹಾಂಗ್ಝೌನಲ್ಲಿ ಬಾಲಕಿಯರ ಐಎಲ್‌ಸಿಎ-4 ದೋಣಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯವರು. ಆ ರಾಜ್ಯಕ್ಕೆ ಒಂದು ಇಂಚು ಕಡಲತೀರವಿಲ್ಲ. ಭೋಜರಾಜ ಕಟ್ಟಿಸಿದನೆಂದು ಹೇಳುವ ಭೋಪಾಲದ ದೊಡ್ಡ ಕೆರೆಯ ಮೇಲೆ ಕಲಿತ ಹುಡುಗಿ ಆಕೆ. ಅದಕ್ಕೂ ಮೊದಲು, 2018ರ ಜಕಾರ್ತಾದಲ್ಲಿ, ಅದೇ ಕೆರೆಯಲ್ಲಿ ಕಲಿತ ಹರ್ಷಿತಾ ತೋಮರ್ ಕಂಚು ಗೆದ್ದಿದ್ದರು. ನಮ್ಮ ತಲೆಬರಹಗಳಲ್ಲಿ ‘ರೈತನ ಮಗಳು’ ಎಂಬುದು ದಪ್ಪಕ್ಷರದಲ್ಲಿ ಬಂತು. ಭೋಪಾಲದ ಕೆರೆಯ ದಂಡೆಗೆ ಸರ್ಕಾರವೊಂದು ದೋಣಿ ತಂದಿಟ್ಟು, ಕಲಿಸುವವರನ್ನು ಕೂಡಿಸಿ, ಹಳ್ಳಿ ಹುಡುಗಿಯರನ್ನು ಕರೆತಂದು ಉಳಿಸಿ ಊಟ ಹಾಕಿತು ಎಂಬುದು ಎಲ್ಲೋ ಏಳನೇ ಪ್ಯಾರಾದಲ್ಲಿ. ಛಲದ ಕತೆ ಓದುವುದಕ್ಕೆ ಚೆಂದ, ಹಾಸ್ಟೆಲಿನ ಕತೆ ಬೇಸರ ಎಂದು ಸಂಪಾದಕರು ತೀರ್ಮಾನಿಸಿದಂತಿದೆ.

ಕರ್ನಾಟಕಕ್ಕೆ 300 ಕಿ.ಮೀ. ಮೀರಿದ ಕರಾವಳಿಯಿದೆ. ಮೂಲ್ಕಿಯಲ್ಲಿ 2004ರ ಹೊತ್ತಿಗೇ ಅಮೆರಿಕದಿಂದ ಬಂದ ‘ಸರ್ಫಿಂಗ್ ಸ್ವಾಮಿ’ ಜಾಕ್ ಹೆಬ್ನರ್ ಮಂತ್ರ ಸರ್ಫ್ ಕ್ಲಬ್ ಶುರುಮಾಡಿ ಅಲೆಯ ಮೇಲೆ ನಿಲ್ಲುವುದನ್ನು ಕಲಿಸಿದರು. ಸಸಿಹಿತ್ಲುವಿನಲ್ಲಿ 2016ರಿಂದ ಸರ್ಫಿಂಗ್ ಪಂದ್ಯಗಳು ನಡೆದಿವೆ. ಜಕಾರ್ತಾದಲ್ಲಿ ಬೆಳ್ಳಿ ಗೆದ್ದ ಜೋಡಿಯಲ್ಲೊಬ್ಬರು ಮುಂಬೈಯ ಶ್ವೇತಾ ಶೆರ್ವೇಗಾರ್. ಆ ಅಡ್ಡಹೆಸರನ್ನು ಉಡುಪಿ, ಕುಂದಾಪುರದವರಿಗೆ ಪರಿಚಯಿಸಬೇಕಿಲ್ಲ. ಮೀನುಗಾರರ ಕೇರಿಗಳಲ್ಲಿ ಗಾಳಿಯ ಲೆಕ್ಕ ಹುಟ್ಟಿನಿಂದ ಬರುತ್ತದೆ. ಆದರೆ ಕಡಲತೀರ ಅಭಿವೃದ್ಧಿ ಎಂದಾಗ ನಮ್ಮ ಸರ್ಕಾರಗಳಿಗೆ ಮೊದಲು ಹೊಳೆಯುವುದು ರೆಸಾರ್ಟು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದವರಿಗೆ ಅರ್ಧ ಗಂಟೆ ಸವಾರಿ. ದಡದ ಮಕ್ಕಳಿಗೆ ಲೈಫ್ ಜಾಕೆಟ್ ಹಂಚುವ ಕೆಲಸ.

ಸರ್ಕಾರದ ದುಡ್ಡಿನ ಮಾತು ಬಂತು. 2025ರಲ್ಲಿ ಮುಖ್ಯಮಂತ್ರಿಗಳು ಘೋಷಿಸಿದ್ದು ಹೀಗೆ: ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕನ್ನಡಿಗರಿಗೆ 6 ಕೋಟಿ, ಬೆಳ್ಳಿಗೆ 4 ಕೋಟಿ, ಕಂಚಿಗೆ 3 ಕೋಟಿ ರೂಪಾಯಿ. ಮುಂದಿನ ಒಲಿಂಪಿಕ್ಸ್‌ಗೆ ಆಯ್ದ 60 ಮಂದಿಗೆ ತರಬೇತಿಗೆಂದು ತಲಾ 10 ಲಕ್ಷ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಊರು ಮುಟ್ಟಿದವರಿಗೆ ಕೊಡುವುದು ದಾರಿಯಲ್ಲಿರುವವರಿಗೆ ಕೊಡುವುದರ ಅರವತ್ತು ಪಟ್ಟು. ಇನ್ನೂ ಮನೆಯಿಂದ ಹೊರಡದವರಿಗೆ ಎಷ್ಟು? ಆರು ಕೋಟಿಯ ವಿಶೇಷವೆಂದರೆ ಅದನ್ನು ಕೊಡುವ ಪ್ರಸಂಗ ಬರುವುದೇ ಅಪರೂಪ. ಘೋಷಣೆಗೆ ಚಪ್ಪಾಳೆ ಇವತ್ತು, ಖರ್ಚು ಬಹುಶಃ ಯಾವತ್ತೂ ಇಲ್ಲ. ಹುಟ್ಟದ ಮಗುವಿಗೆ ಬಂಗಾರದ ತೊಟ್ಟಿಲು ಮಾಡಿಸುವವರು, ಬಸುರಿಗೆ ಊಟ ಹಾಕುವ ಮಾತೆತ್ತುವುದಿಲ್ಲ.

ಗೆಳೆಯರಲ್ಲಿ ಎಡಪಂಥದವರು ಎತ್ತುವ ಆಕ್ಷೇಪ ಬೇರೆಯದು, ಅದು ಗಟ್ಟಿಯಾದದ್ದು. ಶಾಲೆಗಳಿಗೆ ಕೋಣೆಯಿಲ್ಲ, ಶೌಚಾಲಯವಿಲ್ಲ, ಮೇಷ್ಟ್ರುಗಳಿಲ್ಲ. ಶ್ರೀಮಂತರ ಮೋಜಿನ ಆಟಕ್ಕೆ ಸಾರ್ವಜನಿಕ ಹಣ ಯಾಕೆ? ಮೊದಲ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಎರಡನೆಯ ಅರ್ಧದಲ್ಲಿ ಒಂದು ಸೋಮಾರಿತನವಿದೆ. ಒಂದು ಆಟ ಶ್ರೀಮಂತರದಾಗುವುದು ಅದನ್ನು ಶ್ರೀಮಂತರಿಗೇ ಬಿಟ್ಟುಕೊಟ್ಟಾಗ. ಚಿಲ್ವರ್ಸ್‌ನ ಹಲಗೆ ಶ್ರೀಮಂತರದ್ದಾಗಿರಲಿಲ್ಲ. ಹೀಗೇ ಬಿಟ್ಟುಕೊಡುತ್ತ ಹೋದರೆ ಇಂಗ್ಲಿಷು, ಪಿಯಾನೊ, ಗಣಿತದ ಒಲಿಂಪಿಯಾಡ್ ಎಲ್ಲವೂ ಅವರದೇ. ನಮ್ಮ ಪಾಲಿಗೆ ಉಳಿಯುವುದು ಕಬಡ್ಡಿ ಮತ್ತು ಹೆಮ್ಮೆ.

ನೀರಿನ ಮಾತಂತೂ ಇನ್ನೂ ನೇರ. ಉತ್ತರ ಕರ್ನಾಟಕಕ್ಕೆ ಸಮುದ್ರ ಇಲ್ಲ ನಿಜ, ಆದರೆ ಸಮುದ್ರದಂಥ ನೀರನ್ನು ನಾವು ಕಟ್ಟಿ ನಿಲ್ಲಿಸಿದ್ದೇವೆ. ಆಲಮಟ್ಟಿ, ನಾರಾಯಣಪುರ, ಹೊಸಪೇಟೆಯ ತುಂಗಭದ್ರಾ. ನಮಗೆ ಹತ್ತಿರದ್ದು ಸವದತ್ತಿ ಬಳಿ ನವಿಲುತೀರ್ಥದ ರೇಣುಕಾಸಾಗರ, 37 ಟಿಎಂಸಿ ಮೀರಿದ ಸಾಮರ್ಥ್ಯದ್ದು. ನಮ್ಮ ಅವಳಿ ನಗರದ ನಲ್ಲಿಗೆ ಬರುವ ಮಲಪ್ರಭೆ ಅಲ್ಲಿಯದೇ. ಈ ಪ್ರತಿ ನೀರಿನಡಿ ಹಳ್ಳಿಗಳಿವೆ, ಹೊಲಗಳಿವೆ, ಗುಡಿಗಳಿವೆ. ಬಾಗಲಕೋಟೆಯ ಒಂದು ಭಾಗವೇ ಮುಳುಗಿತು. ಮುಳುಗಿದ ಊರುಗಳ ಬಗ್ಗೆ ಕನ್ನಡದಲ್ಲಿ ಕವಿತೆ ಬರೆದಿದ್ದೇವೆ, ಪ್ರಬಂಧ ಮಂಡಿಸಿದ್ದೇವೆ, ಸೆಮಿನಾರಿನ ಊಟವನ್ನೂ ಉಂಡಿದ್ದೇವೆ. ಆ ಊರುಗಳ ಮೊಮ್ಮಕ್ಕಳು ಪುನರ್ವಸತಿ ಕೇಂದ್ರದ ಅಂಚಿನಲ್ಲಿ ನಿಂತು ಆ ನೀರನ್ನು ನೋಡುತ್ತಾರೆ. ಬೆಳಕು ಬೇರೆಡೆಗೆ ಹೋಗುತ್ತದೆ, ಕಾಲುವೆ ಬೇರೆಡೆಗೆ ಹೋಗುತ್ತದೆ. ಅವರಿಗೆ ಆ ನೀರಿನಿಂದ ಇದುವರೆಗೆ ಸಿಕ್ಕಿರುವುದು ‘ಅಪಾಯ, ಇಳಿಯಬೇಡಿ’ ಎಂಬ ಎಚ್ಚರಿಕೆ. ಆ ನೀರಿನ ಮೇಲೆ ಹಲಗೆಯೊಂದನ್ನು ತೇಲಿಸುವ ಹಕ್ಕು ಅವರಿಗಿಂತ ಮೊದಲು ಯಾರಿಗಿದೆ? ಎಂಜಿನ್ನಿಲ್ಲದ, ಎಣ್ಣೆ ಸುಡದ ಆಟ. ಕುಡಿಯುವ ನೀರು ಕೆಡುತ್ತದೆ ಎಂಬ ನೆಪವೂ ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಜಲಾಶಯ ಬತ್ತುತ್ತದಲ್ಲ ಎನ್ನುತ್ತೀರಿ. ಬತ್ತುತ್ತದೆ. ಯೂರೋಪಿನ ಎಷ್ಟೋ ಕಡೆ ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟುತ್ತದೆ, ಅವರು ಆಟ ಬಿಟ್ಟಿಲ್ಲ.

ಪದಕದ ಗುಂಗಿನಿಂದ ನಾವು ಬಿಡಿಸಿಕೊಳ್ಳಬೇಕೆನ್ನುವುದಕ್ಕೆ ಇನ್ನೊಂದು ಕಾರಣ ಪ್ಯಾರಿಸ್‌ನಲ್ಲೇ ಸಿಕ್ಕಿತು. ಆ ಒಲಿಂಪಿಕ್ಸ್‌ನ ಹಾಯಿ ಸ್ಪರ್ಧೆಗಳು ನಡೆದದ್ದು ಮಾರ್ಸೇಯಲ್ಲಿ. ಬ್ರಿಟನ್ನಿನ ಎಮ್ಮಾ ವಿಲ್ಸನ್ ಮೊದಲ ಸುತ್ತಿನ ಓಟಗಳಲ್ಲೆಲ್ಲ ಉಳಿದವರನ್ನು ಬಹಳ ಹಿಂದೆ ಬಿಟ್ಟಿದ್ದರು. ಆದರೆ ಹೊಸ ಪದ್ಧತಿಯಲ್ಲಿ ಕೊನೆಗೆ ಒಂದೇ ಒಂದು ಫೈನಲ್ ಓಟ. ಅದರಲ್ಲಿ ಇಟಲಿಯ ಮಾರ್ತಾ ಮಜೆಟ್ಟಿ ಚಿನ್ನ ಗೆದ್ದರು, ವಿಲ್ಸನ್‌ಗೆ ಕಂಚು. ಈ ಪದ್ಧತಿಯ ಬಗ್ಗೆ ನೊಂದು, ಆಟವೇ ಸಾಕು ಎನ್ನುವ ಧಾಟಿಯಲ್ಲಿ ಆಕೆ ಮಾತಾಡಿದರು. ಟಿವಿಗೆ ರೋಚಕವಾಗಲಿ ಎಂದು ಮಾಡಿದ ನಿಯಮ ಅದು. ವಾರವಿಡೀ ಗಾಳಿಯನ್ನು ಎಲ್ಲರಿಗಿಂತ ಚೆನ್ನಾಗಿ ಓದಿದವರು ಕೆಲವೇ ನಿಮಿಷಗಳಲ್ಲಿ ಮೂರನೆಯವರಾಗುವ ವ್ಯವಸ್ಥೆಯ ಕಾಲಿಗೆ ಬಿದ್ದು, ಅದರ ಪಟ್ಟಿಯಲ್ಲಿ ಹೆಸರಿಲ್ಲವೆಂದು ನಮ್ಮ ಮಕ್ಕಳಿಗೆ ‘ವಿಫಲ’ ಎಂಬ ಹಣೆಪಟ್ಟಿ ಹಚ್ಚುವುದನ್ನು ನಮ್ಮ ಕ್ರೀಡಾ ಪುಟಗಳು ಇನ್ನಾದರೂ ನಿಲ್ಲಿಸಬೇಕು.

ಚಹಾದಂಗಡಿಯ ಕಾಕಾ ನನ್ನ ಇಷ್ಟೂ ಮಾತು ಕೇಳಿ ಕೊನೆಗೆ ಕೇಳಿದ್ದು ಒಂದೇ: ‘ಹುಡುಗ್ರಿಗೆ ಮೊದಲ ಈಜಾಕ ಬರ್ತೈತೇನು?’ ಪಿಎಚ್‌ಡಿ ಮಾರ್ಗದರ್ಶಕರು ಕೇಳುವಂಥ ಪ್ರಶ್ನೆ. ಪ್ರತಿ ಬೇಸಿಗೆ ರಜೆಯಲ್ಲಿ ಕೆರೆಗೋ ಕೃಷಿಹೊಂಡಕ್ಕೋ ಇಳಿದು ಸತ್ತ ಮಕ್ಕಳ ಸುದ್ದಿ ಜಿಲ್ಲಾ ಪುಟದಲ್ಲಿ ಓದುತ್ತೇವೆ. ಹಾಗಾಗಿ ಕೇಳುವುದಾದರೆ ಅಲ್ಲಿಂದಲೇ ಕೇಳಬೇಕು. ಸವದತ್ತಿ ಕಡೆಯ ಸರ್ಕಾರಿ ಶಾಲೆಗಳ ಮಕ್ಕಳಿಗೆ ಎರಡು ವರ್ಷ ಬರೀ ಈಜು. ಮಳೆಗಾಲ ಮುಗಿದು ಜಲಾಶಯ ತುಂಬಿದಾಗ ದಡದಲ್ಲೊಂದು ಶೆಡ್ಡು, ಪಾರುಗಾಣಿಸಲು ಒಂದು ದೋಣಿ, ಸೈನ್ಯದಿಂದಲೋ ಗೋವಾದಿಂದಲೋ ಇಬ್ಬರು ಕಲಿಸುವವರು. ಹಲಗೆಗಳು ಹೊಸವೇ ಆಗಬೇಕೆಂದಿಲ್ಲ, ಒಲಿಂಪಿಕ್ಸ್ ಎಸೆದ ಆರ್‌ಎಸ್:ಎಕ್ಸ್‌ಗಳು ಹತ್ತು ಬಂದರೂ ನಡೆಯುತ್ತದೆ. ಮೊದಲ ಐದು ವರ್ಷ ಯಾರೂ ಅಲ್ಲಿಗೆ ಕ್ಯಾಮೆರಾ ಹಿಡಿದುಕೊಂಡು ಬರಬಾರದು.